ಟಪಾಲು ಇಲ್ಲದ ಸಂಜೆ

"ಉಪ್ಪಿನ ಡಬ್ಬಿ ಈ ಕಡೆ ಸರಿಸೋಕೆ ಹೇಳು ಅವನಿಗೆ," ಎಂದರು ಯಜಮಾನರು.

ಅವನು, ಅಂದರೆ ಅವರ ಮಗ, ಕೈ ಚಾಚಿದರೆ ಮೂಗು ಸಿಗುವಷ್ಟು ಹತ್ತಿರ, ಮೇಜಿನ ಆಚೆ ಬದಿಗೆ ಕೂತಿದ್ದ. ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಕಿವಿಯೂ ನೆಟ್ಟಗೇ ಇತ್ತು. ಆದರೂ ಅವನು ತಲೆ ಎತ್ತದೆ ಅನ್ನ ಕಲಸುತ್ತಿದ್ದ.

"ಅಣ್ಣ, ಅಪ್ಪಂಗೆ ಉಪ್ಪು ಬೇಕಂತೆ," ಎಂದಳು ತಂಗಿ.

ಆಗ ಡಬ್ಬಿ ಸರಿಯಿತು.

ಈ ನಾಟಕ ಶುರುವಾಗಿ ಎರಡು ವರ್ಷ. ಅಪ್ಪ ಮಗ ಇಬ್ಬರದೂ ಸೋಫಾ, ಕುರ್ಚಿಗಳಿಗೆ ಮೆತ್ತೆ ಕೂರಿಸುವ ಕೆಲಸ. ಮನೆಯ ಮುಂದಿನ ಕೋಣೆ ಅಂಗಡಿ. ಅಲ್ಲಿ ಯಜಮಾನರು ಬಟ್ಟೆ ಕತ್ತರಿಸಿ ಹೊಲಿಯುತ್ತಾರೆ. ಹಿತ್ತಲಲ್ಲಿ ತಗಡಿನ ಶೆಡ್ಡು. ಅಲ್ಲಿ ಮಗ ಚೌಕಟ್ಟು ಬಿಗಿದು ಫೋಮು ಹಾಕುತ್ತಾನೆ. ನಡುವೆ ಅಡುಗೆಮನೆ, ಅಡುಗೆಮನೆಯಲ್ಲಿ ತಾಯಿ. ಒಮ್ಮೆ ಯಾರೋ ವಕೀಲರ ಸೋಫಾ ಹೊಲಿದು ಮುಗಿಸಿ ಯಜಮಾನರು ಊಟಕ್ಕೆ ಒಳಗೆ ಬಂದಿದ್ದರು. ಕೈ ತೊಳೆದು ಹೋಗಿ ನೋಡಿದರೆ ಮಗ ಆ ಹೊಲಿಗೆಯನ್ನೆಲ್ಲ ಬಿಚ್ಚಿ ತಾನೇ ಮತ್ತೆ ಹೊಲಿಯುತ್ತಿದ್ದ. ಯಾಕೆಂದು ಕೇಳಲು ಬಾಯಿ ಬರದೆ ಮಗಳನ್ನು ಕಳಿಸಿದರು. ಗಿರಾಕಿ ಬೇರೆ ಬಣ್ಣದ ದಾರ ಕೇಳಿದ್ದಾರಂತೆ ಎಂಬ ಉತ್ತರ ಬಂತು. ಹೋಗಿ ನೋಡಿದರೆ ದಾರ ಅದೇ ಬಣ್ಣದ್ದು! ಮೂವತ್ತು ವರ್ಷ ಪಳಗಿದ ಕೈಯ ಹೊಲಿಗೆಯನ್ನು ಬಿಚ್ಚಿದ್ದಲ್ಲದೆ ಸುಳ್ಳು ಬೇರೆ ಹೇಳಿ ಕಳಿಸಿದ ಎಂದು ಯಜಮಾನರು ಅಂದಿನಿಂದ ಮಗನ ಜೊತೆ ಮಾತು ಬಿಟ್ಟರು. ಅಪ್ಪನಿಗೆ ಇಷ್ಟು ಜಂಬವೇ ಎಂದು ಮಗನೂ ಬಿಟ್ಟ. ಅಂಗಡಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಅಂಗಡಿಗೆ ಮಾತು ಹೊರುವ ಕೆಲಸ ಮಗಳ ತಲೆಗೆ ಬಂತು. ಚಿಕ್ಕಂದಿನಲ್ಲೇ ಅಜ್ಜಿ ಅವಳಿಗೆ 'ಟಪಾಲು' ಎಂದು ಹೆಸರಿಟ್ಟಿದ್ದರಿಂದ ಹೊಸ ಹೆಸರು ಹುಡುಕುವ ಕಷ್ಟವೂ ಇರಲಿಲ್ಲ.

ಆ ಮಧ್ಯಾಹ್ನ ಉಪ್ಪು ತಲುಪಿಸಿದ ಮೇಲೆ ಟಪಾಲು ತನ್ನದೊಂದು ಸುದ್ದಿ ಹೇಳಿದಳು.

"ಸೋಮವಾರದಿಂದ ಸಂಜೆ ನಾನು ಮನೇಲಿ ಇರಲ್ಲ. ಓದೋಕೆ ಹೋಗ್ತೀನಿ."

ಬೆಳಗಿನ ಹೊತ್ತು ಅವಳಿಗೆ ದವಾಖಾನೆಯಲ್ಲಿ ಚೀಟಿ ಕೊಡುವ ಕೆಲಸ. ಸಾಲಿನಲ್ಲಿ ನಿಂತವರು ಜಗಳಕ್ಕೆ ಬಿದ್ದರೆ ಕಿಟಕಿಯೊಳಗಿಂದಲೇ ಬಿಡಿಸುತ್ತಿದ್ದಳು. ಅದನ್ನು ಕಂಡ ಒಬ್ಬ ಮೇಡಂ ಅವಳನ್ನು ತಮ್ಮ ಕೇಂದ್ರಕ್ಕೆ ಕರೆದಿದ್ದರು. ಮನಸ್ತಾಪ ಬಂದ ಸಂಸಾರವನ್ನು ಒಟ್ಟಿಗೆ ಕೂರಿಸಿ, ಮಾತಾಡಿಸಿ, ದಾರಿ ತೋರಿಸುವ ವಿದ್ಯೆ ಅಲ್ಲಿ ಕಲಿಸುತ್ತಾರೆ. ಫ್ಯಾಮಿಲಿ ಥೆರಪಿ ಎನ್ನುತ್ತಾರೆ. ಮೊದಲು ಅದು ಹಗಲೆಲ್ಲ ಬಿಡುವಿದ್ದು, ಫೀಜು ಕಟ್ಟಬಲ್ಲವರ ಮಕ್ಕಳ ಓದು. ಹೋದ ವರ್ಷ ದುಡಿಯುವವರಿಗೆಂದು ಸಂಜೆ ತರಗತಿ ತೆರೆದಿದ್ದರು. ಫೀಜಿಲ್ಲ, ಪುಸ್ತಕ ಅವರದೇ, ಮೇಲೆ ಚಹಾ ಬನ್ನು. ಬಸ್ಸಿನ ಕಂಡಕ್ಟರ್ ಒಬ್ಬ, ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಹೆಂಗಸೊಬ್ಬಳು, ಇಂಥವರೇ ಜೊತೆಗಾರರು.

"ಜಗಳ ಎಲ್ಲರ ಮನೇಲೂ ಇರುತ್ತೆ, ಬಿಡಿಸೋರು ಮಾತ್ರ ಯಾಕೆ ಒಂದೇ ಥರದ ಮನೆಯಿಂದ ಬರಬೇಕು ಅಂತಾರೆ ಮೇಡಂ," ಎಂದಳು ಟಪಾಲು. "ಆದರೆ ತಪ್ಪಿಸೋ ಹಾಗಿಲ್ಲ. ಜಗಳ ಆಡಿಕೊಂಡು ಬಂದವರನ್ನ ಕೂರಿಸಿ ನಾವೇ ಕಾಣಿಸದೆ ಹೋದ್ರೆ ಅವರು ಮತ್ತೆ ಬರಲ್ಲ. ಮೂರು ಸಲ ತಪ್ಪಿಸಿದ್ರೆ ಜಾಗ ಇನ್ನೊಬ್ಬರಿಗೆ."

"ಇನ್ನೊಬ್ಬರ ಮನೆ ಜಗಳ ಕೇಳೋಕೆ ಓದು ಯಾಕೆ?" ಎಂದರು ಯಜಮಾನರು. "ಗೋಡೆಗೆ ಕಿವಿ ಕೊಟ್ಟರೆ ಸಾಕಲ್ಲ. ನಿಮ್ಮಜ್ಜಿ ಅದರಲ್ಲಿ ಆಗಲೇ ಪಾಸಾಗಿದ್ದಾಳೆ."

"ನನ್ನ ಸುದ್ದಿಗೆ ಬಂದ್ರೆ ನೋಡು," ಎಂದಳು ಅಜ್ಜಿ, ಬಾಗಿಲ ಬಳಿ ಬಟಾಣಿ ಸುಲಿಯುತ್ತ.

ಎಲ್ಲರೂ ನಕ್ಕರು, ಅಪ್ಪ ಮಗ ಬೇರೆಬೇರೆ ದಿಕ್ಕಿಗೆ ನೋಡಿಕೊಂಡು. ತಾಯಿಗೆ ಮಾತ್ರ ನಗು ಬರಲಿಲ್ಲ. ಸಂಜೆ ಟಪಾಲು ಇಲ್ಲದಿದ್ದರೆ ಈ ಇಬ್ಬರ ನಡುವೆ ನಿಲ್ಲುವವರು ಯಾರು ಎಂದು ಅವಳಿಗೆ ಆಗಲೇ ಚಿಂತೆ ಶುರುವಾಗಿತ್ತು.

ನಿಲ್ಲಬೇಕಾದವಳು ಅವಳೇ ಆದಳು. ಆ ಕೆಲಸಕ್ಕೆ ಬೇಕಾದ ನಾಲಿಗೆ ದೇವರು ಅವಳಿಗೆ ಕೊಟ್ಟಿರಲಿಲ್ಲ. ಯಾರು ಏನೆಂದರೋ ಅದನ್ನು ಕಡ್ಡಿ ಮುರಿದಂತೆ ಹೋಗಿ ಹೇಳುವವಳು.

"ಕತ್ತೆಗೂ ನಿನಗಿಂತ ಬೇಗ ಕೆಲಸ ಬರುತ್ತಂತೆ ಕಣೋ. ನಿಮ್ಮಪ್ಪ ಅಂದ್ರು."

"ಕತ್ತೇನೇ ಇಟ್ಕೊಳ್ಳಲಿ ಅನ್ನು."

"ಕತ್ತೇನೇ ಇಟ್ಕೋಬೇಕಂತೆ ರೀ."

ಹೀಗೆ ನಡೆದರೆ ಯಾವ ಮನೆ ನಿಂತೀತು? ಮೊದಲ ವಾರವೇ ಅಂಗಡಿಯಿಂದ ಸುತ್ತಿಗೆಯೊಂದು ಹಾರಿ ಬಂದು ಅಡುಗೆಮನೆಯ ಹೊಸ್ತಿಲಿಗೆ ಬಿತ್ತು. ಯಾರಿಗೂ ತಾಗಲಿಲ್ಲ. ತಾಯಿ ಫೋನ್ ಎತ್ತಿ, "ಬೇಗ ಬಾರೇ, ಇವರಿಬ್ಬರೂ ಹೊಡೆದಾಡ್ಕೋತಾರೆ," ಎಂದಳು. ಟಪಾಲು ತರಗತಿ ಬಿಟ್ಟು ಓಡಿ ಬಂದಳು. ಮುಂದೆ ಹೋಗಿ ಏನೋ ಹೇಳಿದಳು, ಹಿಂದೆ ಹೋಗಿ ಏನೋ ಹೇಳಿದಳು. ಗಳಿಗೆಯಲ್ಲಿ ಮನೆ ತಣ್ಣಗಾಯಿತು. ಅಷ್ಟು ಸುಲಭವಾಗಿ ಹೇಗಾಯಿತೆಂದು ತಾಯಿ ಕೇಳಲಿಲ್ಲ. ಒಂದು ಸಂಜೆ ಹೋಯಿತು.

ಎರಡನೆಯದು ಹೋದದ್ದು ಹೋಟೆಲಿನ ಕುರ್ಚಿಗಳಿಂದ. ಪಟ್ಟೆ ಪಟ್ಟೆ ಬಟ್ಟೆ. ಪಟ್ಟೆ ಉದ್ದಕ್ಕೆ ಬರಲೆಂದು ಯಜಮಾನರು ಕೂರುವ ಮೆತ್ತೆಗೆಲ್ಲ ಕತ್ತರಿಸಿದರು. ಅಡ್ಡಕ್ಕೆ ಬರಲೆಂದು ಮಗ ಒರಗುವ ಮೆತ್ತೆಗೆಲ್ಲ ಕತ್ತರಿಸಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬರು ಇನ್ನೊಬ್ಬರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕುರ್ಚಿ ಜೋಡಿಸಿ ಬೆಳಕಿಗಿಟ್ಟರೆ ಅದು ಕೂರುವ ಕುರ್ಚಿಯೋ ಕೋಳಿಯ ಪಂಜರವೋ ತಿಳಿಯುತ್ತಿರಲಿಲ್ಲ.

"ಬೇಕಂತಲೇ ಮಾಡಿದ್ದಾನೆ! ನನ್ನ ಮರ್ಯಾದೆ ಕಳೀಬೇಕು ಅಂತಲೇ!"

"ಇನ್ನು ನನಗೆ ಈ ಶೆಡ್ಡೂ ಬೇಡ, ಈ ಮನೆಯೂ ಬೇಡ ಅಂತ ಹೇಳಮ್ಮ ಅವರಿಗೆ!"

ಮನೆಯೂ ಬೇಡ ಎಂಬ ಮಾತಿಗೆ ತಾಯಿ ಸೌಟು ಕೆಳಗಿಟ್ಟಳು. ಮತ್ತೆ ಫೋನ್ ಮಾಡಿದಳು. ಟಪಾಲು ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಕಣ್ಣು ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ತಾಯಿ ಪಾತ್ರೆ ತಿಕ್ಕುತ್ತಿದ್ದಳು, ಮಗಳು ತೊಳೆದು ಬೋರಲು ಹಾಕುತ್ತಿದ್ದಳು.

"ಅಮ್ಮ, ಇನ್ನೊಂದು ಸಂಜೆ ಅಷ್ಟೇ ಉಳಿದಿರೋದು. ಅದೂ ತಪ್ಪಿದ್ರೆ ನನ್ನ ಜಾಗ ಹೋಗುತ್ತೆ."

"ನಾನೇನು ಬೇಕು ಅಂತ ಕರೀತೀನೇನೇ?"

"ಇಲ್ಲ. ಆದ್ರೆ ಕರೀತೀಯಲ್ಲ." ಅವಳು ತಟ್ಟೆಯೊಂದನ್ನು ಕೆಳಗಿಡದೆ ಹಿಡಿದೇ ನಿಂತಳು. "ನಿನ್ನೆ ಏನಾಯ್ತು ಗೊತ್ತಾ? ಅಲ್ಲಿ ಒಂದು ಕೋಣೆ ಇದೆ. ಒಂದು ಗೋಡೆಗೆ ದೊಡ್ಡ ಕನ್ನಡಿ. ಕನ್ನಡಿ ಹಿಂದೆ ಮೇಡಂ ಕೂತು ನೋಡ್ತಾರೆ. ಬಂದವರಿಗೂ ಅದು ಗೊತ್ತಿರುತ್ತೆ, ಅವರನ್ನ ಕೇಳಿಯೇ ಕೂರೋದು. ನಾವು ತಪ್ಪಿದ್ರೆ ಕೋಣೆಯೊಳಗೆ ಫೋನ್ ಮಾಡಿ ಹೇಳ್ತಾರೆ. ನಿನ್ನೆ ಒಂದು ಗಂಡ ಹೆಂಡತಿ ನನ್ನ ಮುಂದೆ ಕೂತಿದ್ರು. ಅವರು ಏನಂದ್ರು ಅಂತ ಹೇಳೋ ಹಾಗಿಲ್ಲ. ಫೋನ್ ಬಂತು. 'ನೀನ್ಯಾಕೆ ಅಂಚೆಯವನ ಕೆಲಸ ಮಾಡ್ತಿದ್ದೀಯ? ನಿನ್ನ ಕುರ್ಚಿ ಹಿಂದಕ್ಕೆ ಹಾಕು. ಅವರಿಬ್ಬರ ಮುಖ ಅವರಿಗೆ ಕಾಣಲಿ' ಅಂದ್ರು. ಟಪಾಲು ಅಂತ ಮನೇಲಿ ಕರೀತಾರೆ ಅಂತ ನಾನು ಅವರಿಗೆ ಹೇಳೇ ಇರಲಿಲ್ಲಮ್ಮ."

"ಸರಿ, ಹಾಕಿದ್ಯಾ ಕುರ್ಚಿ?"

"ಹಾಕೋಕೆ ಎದ್ದೆ. ಅಷ್ಟರಲ್ಲಿ ನಿನ್ನ ಫೋನ್ ಬಂತು."

ತಾಯಿ ಬಾಣಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕಿದಳು.

ಆ ಮಧ್ಯಾಹ್ನ ಊಟದ ಮೇಜಿನಲ್ಲಿ ಯಜಮಾನರು ಎಂದಿನಂತೆ ಶುರುಮಾಡಿದರು. "ಹೋಟೆಲ್‌ನವರು ಹೊಸ ಬಟ್ಟೆ ಕಳಿಸಿದ್ದಾರೆ, ಖರ್ಚು ನಮ್ಮದೇ ಅಂತ ಹೇಳು ಅವನಿಗೆ. ಬುಧವಾರ ರಾತ್ರಿ ಒಳಗೆ ಎಲ್ಲ ಮುಗೀಬೇಕು."

"ಅಣ್ಣ ಇಲ್ಲೇ ಇದ್ದಾನಲ್ಲ ಅಪ್ಪ. ನೀವೇ ಹೇಳಿ."

ಮೇಜಿನ ಮೇಲೆ ಕೈಗಳೆಲ್ಲ ನಿಂತವು. ಅಜ್ಜಿ ಕೂಡ ಅಗಿಯುವುದನ್ನು ಬಿಟ್ಟಳು.

"ಏನಂದೆ?"

"ನಾನು ಇನ್ನು ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲ್ಲ."

"ಇದನ್ನೇ ಕಲಿಸ್ತಾರಾ ಅಲ್ಲಿ? ಮನೆಗೆ ಮಾರಿ, ಊರಿಗೆ ಉಪಕಾರಿ! ನಿನ್ನ ಮನೆ ಉರೀತಿರಲಿ, ನೀನು ಹೋಗಿ ಕಂಡವರ ಮನೆಗೆ ನೀರು ಹೊಯ್ಯಿ! ಬೇಡ ಆ ಓದು. ನಾಳೆಯಿಂದ ಹೋಗಬೇಡ."

"ಹೋಗ್ತೀನಿ ಅಪ್ಪ."

ಯಜಮಾನರು ತಟ್ಟೆ ತಳ್ಳಿ ಎದ್ದರು. ಮಗನೂ ತಂಗಿಯ ಕಡೆ ತಿರುಗಿ, "ನಿನಗೂ ಈಗ ನಾವು ಬೇಡವಾದ್ವಾ?" ಎಂದು ಎದ್ದು ಹೋದ. ಬೇಳೆ ಅನ್ನ ಅಷ್ಟೂ ತಟ್ಟೆಗಳಲ್ಲೇ ಆರಿತು. ತಾಯಿಗೆ ಇಬ್ಬರ ಮೇಲೂ, ಮಗಳ ಮೇಲೂ, ಆ ಕಾಣದ ಮೇಡಂ ಮೇಲೂ ಒಟ್ಟಿಗೆ ಸಿಟ್ಟು ಬಂತು. ಮೊದಲು ಕೈಗೆ ಸಿಗುವವರು ಮೇಡಂ ಎಂದು ತೀರ್ಮಾನಿಸಿ ಸೀರೆ ಬದಲಿಸಿ ಹೊರಟಳು.

ಕೇಂದ್ರ ಅವಳು ಎಣಿಸಿದಷ್ಟು ದೊಡ್ಡದಿರಲಿಲ್ಲ. ಮೊದಲ ಮಹಡಿ, ಕೆಳಗೆ ಚಪ್ಪಲಿ ಅಂಗಡಿ. ಓಣಿಯಂಥ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮೇಡಂ ತಾವೇ ಚಹಾ ಲೋಟಗಳನ್ನು ತೊಳೆಯುತ್ತಿದ್ದರು. ಅದನ್ನು ಕಂಡು ತಾಯಿಯ ಸಿಟ್ಟು ಅರ್ಧ ಇಳಿಯಿತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

"ನನ್ನ ಮಗಳಿಗೆ ಏನು ಹೇಳಿಕೊಟ್ಟಿದ್ದೀರಿ ನೀವು? ಮನೆ ಎರಡು ಹೋಳಾಗೋ ಹಾಗಿದೆ."

ಮೇಡಂ ಕುರ್ಚಿ ಎಳೆದು ಕೊಟ್ಟರು. ತಾಯಿ ಎಲ್ಲವನ್ನೂ ಹೇಳಿದಳು. ಹೊಲಿಗೆ, ಸುತ್ತಿಗೆ, ಪಟ್ಟೆ. ಕೊನೆಗೆ, "ಇನ್ನೊಂದು ನಾಲ್ಕು ಸಲ ತಪ್ಪಿಸಿದ್ರೂ ಪರವಾಗಿಲ್ಲ ಅಂತ ಮಾಡಿ. ಬಡವರ ಮಕ್ಕಳಿಗೆ ಅಂತ ತೆರೆದಿದ್ದೀರಿ, ಬಡವರ ಮನೆ ಕಷ್ಟ ನೋಡಬೇಡವಾ?" ಎಂದಳು.

"ನೋಡ್ತೀನಮ್ಮ. ಅದಕ್ಕೇ ಫೀಜು ಬೇಡ ಅಂದ್ವಿ, ಬಸ್ಸಿಗೆ ಪಾಸು ಕೊಟ್ವಿ. ಹೋದ ವರ್ಷ ಪಕ್ಕದ ಬೀದಿಯಿಂದ ಒಬ್ಬಳು ಬರ್ತಿದ್ದಳು. ಒಳ್ಳೆ ಹುಡುಗಿ. ಗಂಡ ಕರೆದ, ಅತ್ತೆ ಕರೆದ್ರು, ಮಗು ಅಳ್ತು ಅಂತ ಕರೆದ್ರು. ಓದು ಬಿಟ್ಟೇಬಿಟ್ಟಳು." ಮೇಡಂ ಲೋಟವನ್ನು ಒರೆಸಿ ಬೋರಲು ಹಾಕಿದರು. "ನನ್ನ ಹತ್ತಿರ ಇರೋದು ಸೀಟು ಅಷ್ಟೇ. ಅದನ್ನ ಕೊಟ್ಟಿದ್ದೀನಿ. ಸಂಜೆ ನನ್ನ ಹತ್ತಿರ ಇಲ್ಲ. ಅದು ನಿಮ್ಮ ಹತ್ತಿರ ಇದೆ."

ದಾರಿಯುದ್ದಕ್ಕೂ ತಾಯಿ ಆ ಹೆಂಗಸಿಗೆ ತಕ್ಕ ಉತ್ತರ ಹುಡುಕಿದಳು. ಹುಡುಕುತ್ತಲೇ ಮನೆ ಬಂತು.

ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ಜಗಳ ಆಡಿ ಬಂದ್ಯಾ?"

"ಆಡೋಕೆ ಬಿಡಲಿಲ್ಲ ಅವರು."

"ಕೂತ್ಕೋ ಇಲ್ಲಿ." ಅಜ್ಜಿ ಬಟಾಣಿಯ ಬುಟ್ಟಿಯನ್ನು ಇಬ್ಬರ ನಡುವೆ ತಳ್ಳಿದಳು. "ಮಕ್ಕಳು ಚಿಕ್ಕವರಿದ್ದಾಗ ನಾವಿಬ್ಬರೂ ವರ್ಷಗಟ್ಟಲೆ ಮಾತಾಡ್ತಿರಲಿಲ್ಲ, ನೆನಪಿದೆಯಾ?"

"ಅದ್ಯಾಕೀಗ ಅತ್ತೆ?"

"ಆಗ ಈ ಕೂಸು ಇಷ್ಟೆತ್ತರ ಇತ್ತು. 'ಹೋಗಿ ನಿಮ್ಮಜ್ಜಿಗೆ ಹೇಳು' ಅಂತ ನೀನು ಕಳಿಸ್ತಿದ್ದೆ. ಒಂದು ದಿನ ಅಡುಗೆಮನೆಯಿಂದ ನೀನಂದದ್ದು ನನಗೇ ಕೇಳಿಸ್ತು. 'ಮುದುಕಿಗೆ ಬಾಯಿ ಮುಚ್ಕೊಂಡು ಬಿದ್ದಿರೋಕೆ ಹೇಳು' ಅಂದೆ."

ತಾಯಿಯ ಮುಖ ಕೆಂಪಾಯಿತು.

"ಕೂಸು ಬಂತು. 'ಅಜ್ಜಿ, ನಿಂಗೆ ಸುಸ್ತಾಗಿದೆಯಂತೆ, ಸ್ವಲ್ಪ ಮಲಗಬೇಕಂತೆ' ಅಂತು. ಟಪಾಲು ಅಂತ ಹೆಸರಿಟ್ಟದ್ದು ಅವತ್ತೇ ಕಣೇ. ಸುಳ್ಳು ಅಂತ ಗೊತ್ತು. ಆದ್ರೂ ಕೇಳೋಕೆ ಚೆನ್ನಾಗಿತ್ತು, ಹೋಗಿ ಮಲಗಿದೆ."

ತಾಯಿ ಒಂದೂ ಬಟಾಣಿ ಸುಲಿಯದೆ ಬುಟ್ಟಿಯನ್ನೇ ನೋಡುತ್ತ ಕೂತಳು. ಆ ಸುತ್ತಿಗೆಯ ಸಂಜೆ ಮನೆ ಅಷ್ಟು ಬೇಗ ತಣ್ಣಗಾದದ್ದು ಹೇಗೆಂದು ಈಗ ತಿಳಿಯಿತು. ಅಷ್ಟು ಚಿಕ್ಕ ಕೂಸಿನ ಕೈಯಲ್ಲಿ ಎಂಥ ಮಾತು ಕೊಟ್ಟು ಕಳಿಸಿದ್ದೆನಲ್ಲ ಎಂದುಕೊಂಡಳು.

ಬುಧವಾರ ಬಂತು. ಹೋಟೆಲಿನ ಕುರ್ಚಿಗಳು ಬೆಳಗಾದರೆ ಹೊರಡಬೇಕು. ಟಪಾಲು ಮಧ್ಯಾಹ್ನ ಊಟಕ್ಕೂ ಬಾರದೆ ದವಾಖಾನೆಯಿಂದಲೇ ನೇರ ತರಗತಿಗೆ ಹೋಗಿದ್ದಳು. ಅದೇ ಗಂಡ ಹೆಂಡತಿ ಮತ್ತೆ ಬರಲು ಒಪ್ಪಿದ್ದರಂತೆ. ಯಜಮಾನರು ದಿನಾ ಬೆಳಿಗ್ಗೆ ಸೂಜಿಮೆತ್ತೆಯನ್ನು ತಂದು ತಾಯಿಯ ಮುಂದಿಟ್ಟು, "ಸುಮ್ಮನೆ ಕೂತಿದ್ದೀಯಲ್ಲ, ಇವಕ್ಕೆ ದಾರ ಪೋಣಿಸಿಡು," ಎನ್ನುವುದು ರೂಢಿ. ಅವಳು ಎಂದೂ ಸುಮ್ಮನೆ ಕೂತವಳಲ್ಲ. ಆದರೂ ಪೋಣಿಸಿಡುತ್ತಿದ್ದಳು, ಯಾಕೆಂದು ಕೇಳುತ್ತಿರಲಿಲ್ಲ. ಈ ದಿನ ಕೆಲಸ ಹೆಚ್ಚಿ, ಸಂಜೆಯ ಹೊತ್ತಿಗೆ ಪೋಣಿಸಿದ್ದೆಲ್ಲ ಮುಗಿದಿತ್ತು.

ತಾಯಿ ಅನ್ನಕ್ಕೆ ನೀರಿಡುತ್ತಿದ್ದಾಗ ಮಗ ಶೆಡ್ಡಿನಿಂದ ಒಂದು ಕುರ್ಚಿ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದ.

"ನೋಡಮ್ಮ ಇದನ್ನ! ಅಂಚಿನ ಹೊಲಿಗೆ ಹಾವು ಹರಿದ ಹಾಗಿದೆ. ಹೋಟೆಲ್‌ನವರು ಮುಖಕ್ಕೆ ಎಸೀತಾರೆ. ಹೋಗಿ ಹೇಳು ಅವರಿಗೆ."

ತಾಯಿ ಒಲೆ ಸಣ್ಣಗೆ ಮಾಡಿದಳು. "ಅವರು ಅಲ್ಲೇ ಇದ್ದಾರೆ. ನೀನೇ ಹೇಳು."

"ನೀನೂ ಶುರುಮಾಡಿದ್ಯಾ?"

"ಯಾರದು, ನನ್ನ ಹೊಲಿಗೆ ವಿಷಯ ಎತ್ತಿದ್ದು?" ಯಜಮಾನರು ಅಂಗಡಿಯ ಬಾಗಿಲಲ್ಲಿ ಬಂದು ನಿಂತಿದ್ದರು. "ಕೇಳೇ ಅವನನ್ನ, ಇವತ್ತೂ ಬಿಚ್ತಾನಾ? ಬಿಚ್ಚಿ, ಗಿರಾಕಿ ಬೇರೆ ದಾರ ಕೇಳಿದ್ರು ಅಂತ ಇವತ್ತೂ ಸುಳ್ಳು ಹೇಳಿ ಕಳಿಸ್ತಾನಾ?"

"ಯಾವ ದಾರ?" ಮಗ ಕುರ್ಚಿಯನ್ನು ದೊಪ್ಪನೆ ಇಟ್ಟ. ಎರಡು ವರ್ಷದಲ್ಲಿ ಮೊದಲ ಸಲ ಅಪ್ಪನ ಮುಖಕ್ಕೇ ನೋಡಿದ. "ನಾನು ಯಾವತ್ತು ದಾರ ಅಂದೆ?"

"ವಕೀಲರ ಸೋಫಾ! ಬಣ್ಣ ಬೇರೆ ಬೇಕಂತೆ ಅಂತ ಹೇಳಿ ಕಳಿಸಲಿಲ್ಲವಾ ನೀನು?"

"ಹೊಲಿಗೆ ಸೊಟ್ಟ ಹೋಗಿತ್ತು! ವಕೀಲರು ನೋಡೋಕೆ ಮುಂಚೆ ಸರಿಮಾಡಿದೆ, ನಿಮ್ಮ ಹೆಸರು ಕೆಡಬಾರದು ಅಂತ! ಅಪ್ಪಂಗೆ ಕಣ್ಣು ಮಂಜಾಗಿದೆ, ಡಾಕ್ಟರ ಹತ್ತಿರ ನಾನೇ ಕರಕೊಂಡು ಹೋಗ್ತೀನಿ ಅಂತ ಹೇಳು, ಅಂದಿದ್ದೆ. ಅಷ್ಟಕ್ಕೇ ಮಾತು ಬಿಟ್ರಲ್ಲ ನೀವು!"

ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ.

"ನನಗೆ ಯಾರೂ ಹೀಗೆ ಹೇಳಲಿಲ್ಲ," ಎಂದರು ಯಜಮಾನರು. ಅವರ ದನಿ ತಗ್ಗಿತ್ತು. ಮರುಕ್ಷಣವೇ ಏರಿತು. "ಟಪಾಲು! ಎಲ್ಲಾ ಆ ಸುಳ್ಳಿಯ ಕೆಲಸ! ಎರಡು ವರ್ಷ ನಮ್ಮಿಬ್ಬರನ್ನೂ ಕುಣಿಸಿದ್ದಾಳೆ! ಕರೀ ಅವಳನ್ನ. ಈಗಲೇ ಬರಬೇಕು."

"ಹೌದು, ಕರೀ ಅಮ್ಮ. ನಮ್ಮ ಮುಂದೆ ನಿಂತು ಹೇಳಲಿ."

ಎರಡು ವರ್ಷದ ಮೇಲೆ ಅಪ್ಪ ಮಗ ಒಂದು ಮಾತಿಗೆ ಒಪ್ಪಿದ್ದರು, ಅದೂ ಇಂಥ ಮಾತಿಗೆ! ತಾಯಿಯ ಫೋನ್ ಕಪಾಟಿನ ಮೇಲಿತ್ತು. ಅವಳು ಅದನ್ನು ಕೈಗೆತ್ತಿಕೊಂಡಳು. ಒತ್ತಿದರೆ ಸಾಕು, ಮಗಳು ಓಡಿ ಬರುತ್ತಾಳೆ. ಮುಂದೊಂದು, ಹಿಂದೊಂದು ಹೇಳಿ, ಅತ್ತು ಕರೆದು, ಮನೆ ತಣ್ಣಗೆ ಮಾಡುತ್ತಾಳೆ. ಜೀವಮಾನವೆಲ್ಲ ಮಾಡುತ್ತಲೇ ಇರುತ್ತಾಳೆ.

ತಾಯಿ ಅಕ್ಕಿಯ ಡಬ್ಬಿ ತೆರೆದು ಫೋನನ್ನು ಅದರೊಳಗೆ ಹೂತಳು.

"ಏನು ಮಾಡ್ತಿದ್ದೀಯೇ?"

"ಕರೆಯಲ್ಲ." ಅವಳು ಮಗನ ಕಡೆ ಕೈ ಚಾಚಿದಳು. "ನಿಂದೂ ಕೊಡು."

"ಅಮ್ಮ!"

"ಕೊಡೋ ಇತ್ತ."

ಮಗನ ಫೋನೂ ಅಕ್ಕಿಯೊಳಗೆ ಹೋಯಿತು. ತಾಯಿ ಮುಚ್ಚಳ ಬಿಗಿದು ಡಬ್ಬಿಗೆ ಬೆನ್ನು ಕೊಟ್ಟು ನಿಂತಳು.

"ಇವತ್ತು ಅವಳು ಎದ್ದು ಬಂದ್ರೆ ಅವಳ ಜಾಗ ಹೋಯ್ತು. ಸೀಟು ಅವರ ಹತ್ತಿರ ಇದೆ, ಸಂಜೆ ನನ್ನ ಹತ್ತಿರ ಇದೆ. ನಾನು ಕೊಟ್ಟಾಯ್ತು. ಸುಳ್ಳು ಹೇಳಿದಳು, ನಿಜ. ಕಲಿಸಿದ್ದು ನಾನು. ಹಾಲುಹಲ್ಲಿನ ಕೂಸಿನ ಕೈಲಿ ನನ್ನ ಬೈಗುಳ ಕೊಟ್ಟು ಕಳಿಸ್ತಿದ್ದೆ. ಅದು ಪಾಪ, ಅದನ್ನ ತೊಳೆದು ತೊಳೆದು ತಲುಪಿಸ್ತಿತ್ತು. ಬೈಯೋದಿದ್ರೆ ನನ್ನ ಬೈರಿ. ಇಲ್ಲ, ನೀವಿಬ್ಬರೇ ಕೂತು ಬೈದಾಡ್ಕೊಳ್ಳಿ. ನಾನು ಅನ್ನ ಬಸೀಬೇಕು."

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು," ಎಂದು ಯಜಮಾನರು ಗೊಣಗಿದರು.

"ಆಡಿದ ಮಾತಲ್ಲ ಕಣೋ ಕೆಡಿಸಿದ್ದು," ಎಂದಳು ಬಾಗಿಲಿಂದ ಅಜ್ಜಿ. "ಹೋಗಿ ಕೆಲಸ ಮಾಡ್ಕೋ."

ಯಜಮಾನರು ಅಂಗಡಿಗೆ ಹೋದರು. ಮಗ ಕುರ್ಚಿಯ ಪಕ್ಕ ಅಲ್ಲಾಡದೆ ನಿಂತಿದ್ದ. ಬಾಗಿಲಿಂದ ಕಾಣುತ್ತಿತ್ತು: ಅಪ್ಪ ದೀಪದ ಕೆಳಗೆ ಬಾಗಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಒಯ್ದರು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ಒಯ್ದರು. ಮತ್ತೆ ಪಕ್ಕಕ್ಕೆ. ತಾಯಿಯ ಬಾಯಿಗೆ "ಇತ್ತ ಕೊಡಿ ರೀ" ಎಂಬ ಮಾತು ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದಳು.

"ಏಯ್," ಎಂದರು ಯಜಮಾನರು, ಸೂಜಿಯನ್ನೇ ನೋಡುತ್ತ.

ಮಗ ತಾಯಿಯ ಕಡೆ ತಿರುಗಿದ.

"ನಿನಗೇ ಕಣೋ ಹೇಳ್ತಿರೋದು. ಇದರ ಕಣ್ಣು ಕಾಣಿಸ್ತಿಲ್ಲ. ಪೋಣಿಸು."

ಮಗ ಹೋದ. ಪೋಣಿಸಿದ. ಒಂದು ಸೂಜಿ ಕೊಟ್ಟು ಇನ್ನೊಂದಕ್ಕೆ ಕೈಯೊಡ್ಡಿದ. ಆಮೇಲೆ ಕೇಳದೆಯೇ ಕುರ್ಚಿಯನ್ನು ತಂದು ಅಂಚು ಬಿಚ್ಚತೊಡಗಿದ. ಅಪ್ಪ ನೋಡುತ್ತಲೇ ಕೂತಿದ್ದರು, ಸುತ್ತಿಗೆಯ ಕಡೆ ಕೈ ಹೋಗಲಿಲ್ಲ. ಅವನು ಹೊಸದಾಗಿ ಹಾಕಿದ ಹೊಲಿಗೆಯ ಮೇಲೆ ಬೆರಳಾಡಿಸಿ ಏನೋ ಮೆಲ್ಲಗೆ ಅಂದರು. ನೀರು ತಂದಿಡಲು ಹೋದ ತಾಯಿಗೆ ಮಾತ್ರ ಅದು ಸ್ಪಷ್ಟ ಕೇಳಿಸಿತು. "ಇವನ ಕೈ ನನ್ನದೇ," ಎಂದಿದ್ದರು.

"ಏನಂದ್ರಮ್ಮ ಅವರು?" ಎಂದು ಮಗ ಪಿಸುಗುಟ್ಟಿದ.

ಜೀವನದಲ್ಲಿ ಮೊದಲ ಸಲ ತಲುಪಿಸಲು ಒಳ್ಳೆಯ ಮಾತೊಂದು ಅವಳ ಕೈಗೆ ಸಿಕ್ಕಿತ್ತು. ಹೇಳಬೇಕೆಂದು ನಾಲಿಗೆ ತುರಿಸಿತು. "ಅವರನ್ನೇ ಕೇಳು," ಎಂದು ಲೋಟ ಇಟ್ಟು ಬಂದಳು.

"ಏನಂದ್ರಿ ಅಪ್ಪ?"

"ಏನಿಲ್ಲ. ದಾರ ಉದ್ದ ಆಯ್ತು ಅಂದೆ."

ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಟಪಾಲು ಬಂದಳು. ಅಂಗಡಿಯಲ್ಲಿ ಇಬ್ಬರೂ ಒಂದೇ ದೀಪದ ಕೆಳಗೆ ಕೂತದ್ದನ್ನು ನೋಡಿ ಅವಳ ಕಾಲು ಹೊಸ್ತಿಲಲ್ಲೇ ನಿಂತಿತು. ಒಬ್ಬರ ಮುಖ, ಇನ್ನೊಬ್ಬರ ಮುಖ ನೋಡಿದಳು. ಎಲ್ಲ ಗೊತ್ತಾಗಿದೆ ಎಂದು ತಿಳಿಯಲು ಓದೇನೂ ಬೇಕಿರಲಿಲ್ಲ.

"ವಕೀಲರ ಸೋಫಾದ ವಿಷಯ ನಿನ್ನ ಹತ್ತಿರ ಮಾತಾಡೋದಿದೆ," ಎಂದರು ಯಜಮಾನರು. ದನಿ ಗಡುಸಾಗಿಯೇ ಇತ್ತು.

ಅವಳು ಚೀಲ ಕೆಳಗಿಟ್ಟಳು. "ಸರಿ ಅಪ್ಪ. ಏನು ಬೈದ್ರೂ ಕೇಳ್ತೀನಿ. ಆದ್ರೆ ಬೆಳಿಗ್ಗೆ. ನಾಳೆ ಸಂಜೆ ನಾನು..."

"ಇರಲ್ಲ, ಗೊತ್ತು," ಎಂದರು ಅವರು. "ಈಗ ಕೈ ತೊಳ್ಕೊಂಡು ಬಾ. ಅನ್ನ ಆರ್ತಿದೆ."